ವೆಲ್ಡಾ ಪ್ರೂಟ್ ಬರೆದ ಕಾರ್ಡು

ವೆಲ್ಡಾ ಪ್ರೂಟಳ ಬಾಯಲ್ಲಿ ಹಗಲಿಡೀ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಕಲ್ವರ್ ಸಿಟಿಯ ದೊಡ್ಡ ಸ್ಟುಡಿಯೋ ಒಂದರಲ್ಲಿ ನಟಿಯರಿಗೆ ಉಡುಪು ತೊಡಿಸಿ, ಬಿಚ್ಚಿ, ಹರಿದದ್ದನ್ನು ಹೊಲಿಯುವ ಕೆಲಸ ಅವಳದು. ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡರೆ ಎರಡೂ ಕೈ ಬಿಡುವಾಗಿರುತ್ತವೆ ಎನ್ನುವುದು ಒಂದು ಅನುಕೂಲ, ಮಾತಿನಿಂದ ತಪ್ಪಿಸಿಕೊಳ್ಳಬಹುದು ಎನ್ನುವುದು ಇನ್ನೊಂದು. ಆ ಊರಿನಲ್ಲಿ ಎರಡನೆಯದೇ ಹೆಚ್ಚಿನ ಅನುಕೂಲ. ನಿರ್ದೇಶಕ ಬಂದು "ತೋಳು ಸರಿಯಾಗಿದೆಯಾ?" ಎಂದರೆ "ಊಂ". ನಟಿ ಬಂದು "ನಾನು ದಪ್ಪ ಆಗಿದೀನಾ?" ಎಂದರೆ "ಊಹೂಂ". ಇವೆರಡೇ ಉತ್ತರದಲ್ಲಿ ಅವಳು ಹದಿನಾರು ವರ್ಷ ನೌಕರಿ ಮಾಡಿದ್ದಳು.

ಹುಟ್ಟಿದ್ದು ಕಾನ್ಸಸ್ಸಿನ ಗೋಧಿ ಸೀಮೆಯಲ್ಲಿ. ಅಪ್ಪ ಸತ್ತ ಮೇಲೆ ಅಕ್ಕ ಬರ್ನೀಸ್ ಜೊತೆ ಬಸ್ಸು ಹತ್ತಿ ಲಾಸ್ ಏಂಜಲಿಸ್‌ಗೆ ಬಂದವಳು, ಮೊದಲೆರಡು ವರ್ಷ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕಂಡವರ ಅಂಗಿಗೆ ಇಸ್ತ್ರಿ ಹಾಕಿದಳು. ಆಮೇಲೆ ಸ್ಟುಡಿಯೋದಲ್ಲಿ ಉಡುಪುಗಳಿಗೆ ಮಿಣುಕು ಬಿಲ್ಲೆ ಪೋಣಿಸುವ ಮೇಜಿಗೆ ಸೇರಿದಳು. ಉದ್ದನೆಯ ಮೇಜು, ಇಪ್ಪತ್ತು ಹೆಂಗಸರು, ಒಂದೊಂದು ಗೌನಿಗೆ ಸಾವಿರಗಟ್ಟಲೆ ಮಿಣುಕು. ಕಣ್ಣು ಹೋಗುವ ಕೆಲಸ ಅದು. ಅಲ್ಲಿಂದ ಅವಳನ್ನು ಎತ್ತಿದವಳು ಕೊರಿನ್ ಆಶ್‌ಬಿ.

ಕೊರಿನ್‌ಗೆ ಆಗ ಹತ್ತೊಂಬತ್ತು. ಹಾಡಲು ಬಂದ ಹೊಸ ಹುಡುಗಿ, ಶೂಟಿಂಗಿಗೆ ಐದು ನಿಮಿಷ ಇದೆ ಎನ್ನುವಾಗ ಅವಳ ಗೌನಿನ ಬೆನ್ನು ಬಿರಿಯಿತು. ಕೈಗೆ ಸಿಕ್ಕಿದವಳು ಎಂದು ವೆಲ್ಡಾಳನ್ನು ಎಳೆದುಕೊಂಡು ಬಂದರು. ಮೈಮೇಲಿದ್ದ ಹಾಗೇ ಬಟ್ಟೆಯನ್ನು ಹೊಲಿದಳು, ಒಂದು ಸಲವೂ ಚುಚ್ಚಲಿಲ್ಲ. ಹುಡುಗಿ ತಿರುಗಿ ನೋಡಿ, "ನನಗೆ ಇನ್ಮೇಲೆ ಇವಳೇ ಬೇಕು" ಅಂದಳು. ಅಂದಿನಿಂದ ಹನ್ನೊಂದು ವರ್ಷ ಕೊರಿನ್ ಬೆನ್ನಿನ ಒಂದು ಕೊಕ್ಕೆಯನ್ನೂ ಬೇರೆಯವರು ಮುಟ್ಟಲಿಲ್ಲ.

ಕೊರಿನ್ ಅಂಥ ಸುಂದರಿಯೇನಲ್ಲ. ಮೂಗು ಸ್ವಲ್ಪ ಉದ್ದ, ಬಾಯಿ ಅಗಲ. ಆದರೆ ಅಡುಗೆಮನೆಯ ಮೇಜಿನ ಆಚೆ ಕೂತು ಗುಟ್ಟು ಹೇಳುವವಳ ಹಾಗೆ ಹಾಡುತ್ತಿದ್ದಳು. ಅಂಗಡಿಯಲ್ಲಿ ದುಡಿಯುವ ಹುಡುಗಿಯರು, ಗಂಡನ ದಾರಿ ಕಾಯುವ ಹೆಂಗಸರು, ಎಲ್ಲರಿಗೂ ಅವಳು ಬೇಕು. ಬರ್ನೀಸ್ ಅಂತೂ ಪತ್ರಿಕೆಗಳಲ್ಲಿ ಬಂದ ಅವಳ ಪಟಗಳನ್ನೆಲ್ಲ ಕತ್ತರಿಸಿ ಮೂರು ಪುಸ್ತಕ ತುಂಬಾ ಅಂಟಿಸಿದ್ದಳು. ತಂಗಿ ಸಂಜೆ ಮನೆಗೆ ಬಂದರೆ ಮೊದಲ ಪ್ರಶ್ನೆ "ಇವತ್ತು ಏನು ಹಾಕ್ಕೊಂಡಿದ್ಲು?" ಅಂತ, ಊಟದ ಮಾತು ಆಮೇಲೆ.

ಬರ್ನೀಸ್‌ಗೂ ಹೇಳದ ಒಂದು ಸಂಗತಿ ವೆಲ್ಡಾಳ ಹೊಟ್ಟೆಯಲ್ಲಿತ್ತು. ಎರಡು ವರ್ಷದ ಹಿಂದೆ ಒಂದು ಕುಣಿತದ ಅಭ್ಯಾಸದಲ್ಲಿ ಕೊರಿನ್ ಮೆಟ್ಟಿಲಿಂದ ಬಿದ್ದಿದ್ದಳು. ನಗುತ್ತಲೇ ಎದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಬಟ್ಟೆ ಬಿಚ್ಚುವಾಗ ವೆಲ್ಡಾ ನೋಡಿದರೆ ಎಡಸೊಂಟ ಪೂರ್ತಿ ಕಪ್ಪಿಟ್ಟಿತ್ತು. ಗಾಯ ಮಾಸಿತು, ನೋವು ಮಾಸಲಿಲ್ಲ.

"ಯಾರಿಗೂ ಹೇಳ್ಬೇಡ ಕಣೆ" ಅಂದಿದ್ದಳು ಕೊರಿನ್. "ನನ್ನ ಕರಾರನ್ನ ವರ್ಷ ವರ್ಷವೂ ಮುಂದುವರಿಸ್ಬೇಕೋ ಬೇಡ್ವೋ ಅನ್ನೋದು ಅವರ ಇಷ್ಟ. ಕುಣಿಯೋಕಾಗದ ಕುದುರೆಗೆ ಯಾರು ಹುಲ್ಲು ಹಾಕ್ತಾರೆ?"

ವೆಲ್ಡಾ ಹೇಳಲಿಲ್ಲ. ದಪ್ಪ ಕ್ಯಾನ್ವಾಸಿಗೆ ರಬ್ಬರು ನೇಯ್ದ ಪಟ್ಟಿ ಸೇರಿಸಿ, ಸೊಂಟವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಒಳಪಟ್ಟಿ ಮಾಡಿದಳು. ಕೊರಿನ್ ತೊಡುವ ಪ್ರತಿ ಉಡುಪಿನ ಒಳಗೂ, ಅಸ್ತರಿನ ಹಿಂದೆ, ಅದನ್ನು ಕೂರಿಸಿ ಹೊಲಿಯುತ್ತಿದ್ದಳು. ಉಡುಪು ವಿಭಾಗದ ಮುಖ್ಯಸ್ಥ ಮಿಸ್ಟರ್ ಲಡ್ಲೋ, ಗುಂಡಿಯೊಂದು ಸಡಿಲವಾದರೆ ಹತ್ತು ಮಾರು ದೂರದಿಂದ ಕಂಡುಹಿಡಿಯುವ ಆಸಾಮಿ, ಅವನಿಗೂ ಇದರ ಸುಳಿವು ಹತ್ತಲಿಲ್ಲ.

ನಲವತ್ತೊಂಬತ್ತನೇ ಇಸವಿಯ ವಸಂತದಲ್ಲಿ 'ಹನ್ನೆರಡು ಕೊಡೆಗಳು' ಎಂಬ ಹಾಡು ಕುಣಿತದ ಚಿತ್ರ ಮುಗಿಯಿತು. ಟೋಪಿ ಹೊಲಿಯುವ ಹುಡುಗಿಯೊಬ್ಬಳು ಯಾವುದೋ ದೇಶದ ರಾಜಕುಮಾರನನ್ನು ಮೆಚ್ಚುವ ಕಥೆ. ಇದಕ್ಕಾಗಿ ಅರವತ್ತೆರಡು ಮೆಟ್ಟಿಲಿನ ಒಂದು ಬಿಳಿ ಸೋಪಾನ ಕಟ್ಟಿಸಿದ್ದರು. ಅದರ ಮೇಲಿಂದ ಕೊರಿನ್ ಹನ್ನೆರಡು ಜನ ಗಂಡಸರ ನಡುವೆ ಕುಣಿಯುತ್ತಾ ಇಳಿಯಬೇಕು. ಒಂಬತ್ತು ದಿನ ಇಳಿಸಿದರು. ಆ ಗೌನಿನಲ್ಲಿ ಕೂರಲು ಬರುತ್ತಿರಲಿಲ್ಲ, ಕೂತರೆ ಮಡಿಕೆ ಬೀಳುತ್ತದೆ. ಅದಕ್ಕೇ ನಟಿಯರಿಗೆ ಅಲ್ಲಿ ಒರಗುವ ಹಲಗೆ ಇರುತ್ತದೆ. ನಿಂತ ಹಾಗೇ ಬೆನ್ನು ಚೆಲ್ಲಿ, ಕೈಗಳನ್ನು ಅದರ ತೋಳಿನ ಮೇಲಿಟ್ಟು ದಣಿವಾರಿಸಿಕೊಳ್ಳಬೇಕು. ಕೊರಿನ್ ಅದಕ್ಕೆ ಒರಗಿ ಕಣ್ಣು ಮುಚ್ಚಿದರೆ ವೆಲ್ಡಾ ಅವಳ ಹಣೆಯ ಬೆವರು ಒತ್ತುತ್ತಿದ್ದಳು. ನೋವಿದೆಯಾ ಎಂದು ಕೇಳುತ್ತಿರಲಿಲ್ಲ, ಎಡಪಾದ ನೆಲಕ್ಕೆ ಪೂರ್ತಿ ತಾಗುತ್ತಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುತ್ತಿತ್ತು.

ಏಪ್ರಿಲಿನ ಒಂದು ಗುರುವಾರ ಬೆಳಿಗ್ಗೆ ಕೊರಿನ್ ಕೋಣೆಯ ಬಾಗಿಲು ಹಾಕಿದಳು.

"ಇವತ್ತು ಸಂಜೆ ಗ್ಲೆಂಡೇಲಲ್ಲಿ ನಮ್ಮ ಚಿತ್ರ ಹಾಕ್ತಾರಂತೆ, ಜನರ ನಾಡಿ ನೋಡೋಕೆ. ನೀನು ಹೋಗಿ ನೋಡ್ಕೊಂಡು ಬಾ ವೆಲ್ಡಾ."

"ನಾನಾ? ನೀವೇ ಹೋಗ್ಬಹುದಲ್ಲ, ಮಿಸ್ ಆಶ್‌ಬಿ?"

"ನನಗೆ ಧೈರ್ಯ ಇಲ್ಲ. ಇಲ್ಲಿ ಯಾರನ್ನ ಕೇಳಿದ್ರೂ ಸಕ್ಕರೆ ಸುರೀತಾರೆ. ಕಾಫಿ ತಂದ್ಕೊಡೋನೂ 'ಅದ್ಭುತ' ಅಂತಾನೆ, ಅವನು ನೋಡೇ ಇಲ್ಲ! ನೀನು ನೋಡು. ನಾಳೆ ಬೆಳಿಗ್ಗೆ ಇದ್ದದ್ದು ಇದ್ದ ಹಾಗೆ ಹೇಳು. ನಿನ್ನೊಬ್ಬಳ ಮಾತನ್ನೇ ನಾನು ನಂಬೋದು."

ವೆಲ್ಡಾ ತಲೆಯಾಡಿಸಿದಳು. ಬಾಯಲ್ಲಿ ಸೂಜಿಗಳಿದ್ದವು.

ಸಂಜೆ ಅಕ್ಕತಂಗಿಯರು ಎರಡು ಟ್ರಾಮು ಬದಲಾಯಿಸಿ ಗ್ಲೆಂಡೇಲ್ ತಲುಪಿದರು. ಬರ್ನೀಸ್ ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿದ್ದಳು. ಚಿತ್ರಮಂದಿರದ ಹೊರಗೆ ಚಿತ್ರದ ಹೆಸರಿರಲಿಲ್ಲ, 'ಇಂದು ಹೊಸ ಚಿತ್ರದ ಗುಟ್ಟಿನ ಪ್ರದರ್ಶನ' ಎಂದಷ್ಟೇ ದೀಪದ ಅಕ್ಷರ. ಗುಟ್ಟು ಅಂದರೆ ಎಂಥದು! ಬಾಗಿಲಲ್ಲೇ ಸ್ಟುಡಿಯೋದ ದೊಡ್ಡವರ ಕರಿಯ ಕಾರುಗಳು ಸಾಲಾಗಿ ನಿಂತಿದ್ದವು, ಒಳಗೆ ಅವರು ಸಿಗಾರು ಸುಡುತ್ತಾ ಯಾರಿಗೂ ಕಾಣದವರ ಹಾಗೆ ನಿಂತಿದ್ದರು. ವೆಲ್ಡಾ ಕೋಟಿನ ಕಾಲರು ಎತ್ತಿಕೊಂಡು ಒಳಗೆ ನುಸುಳಿದಳು. ನಟಿಯ ಬೆನ್ನ ಹಿಂದೆ ಇರುವವಳ ಮುಖ ಅವರಲ್ಲಿ ಯಾರಿಗೂ ನೆನಪಿರಲಿಲ್ಲ.

ಕೊರಿನ್ ಹೆಸರು ತೆರೆಯ ಮೇಲೆ ಬಂದಾಗ ಜನ ಶಿಳ್ಳೆ ಹಾಕಿದರು. ಬರ್ನೀಸ್ ತಂಗಿಯ ಮೊಣಕೈ ಹಿಚುಕಿದಳು.

ಅರ್ಧ ಗಂಟೆಯಲ್ಲಿ ಆ ಶಿಳ್ಳೆಯ ಬಿಸಿ ಆರಿಹೋಯಿತು. ಏನು ಹೇಳೋಣ? ಬಣ್ಣ ಬೇಕಾದಷ್ಟಿತ್ತು, ಮಿಠಾಯಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ. ರಾಜಕುಮಾರ ಆದವನಿಗೆ ಹಲ್ಲು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ. ನಗಬೇಕಾದಲ್ಲಿ ಜನ ಕೆಮ್ಮಿದರು, ಅಳಬೇಕಾದಲ್ಲಿ ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಕೊರಿನ್ ಹಾಡು ಶುರುಮಾಡಿದ ಕೂಡಲೇ ಎಲ್ಲಿಂದಲೋ ನಲವತ್ತು ಜನ ಕುಣಿಯುವವರು ನುಗ್ಗಿ ಅವಳನ್ನು ಮುಚ್ಚಿಬಿಡುತ್ತಿದ್ದರು.

ಆಮೇಲೆ ಮೆಟ್ಟಿಲು ಬಂತು. ವೆಲ್ಡಾ ಕೊರಿನ್ ಎಡಗಾಲನ್ನೇ ನೋಡುತ್ತಾ ಕೂತಳು. ಅರವತ್ತೆರಡು ಮೆಟ್ಟಿಲನ್ನೂ ಕೊರಿನ್ ನಗುತ್ತಲೇ ಇಳಿದಳು. ಆದರೆ ಆ ನಗು ಹಲ್ಲು ಕಚ್ಚಿ ಹಿಡಿದ ನಗು. ಇಪ್ಪತ್ತನೇ ಮೆಟ್ಟಿಲಿನ ನಂತರ ಎಡಗಾಲು ಒಂದು ಎಳೆಯಷ್ಟು ತಡವಾಗಿ ಬೀಳುತ್ತಿತ್ತು. ಇಷ್ಟೆತ್ತರದ ತೆರೆಯ ಮೇಲೆ ಅದು ವೆಲ್ಡಾಳಿಗೆ ಕೂಗಿ ಹೇಳಿದ ಹಾಗೆ ಕಾಣುತ್ತಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬಳು ಗಂಡನಿಗೆ ಹೇಳಿದಳು: "ಪಾಪ, ಇವಳಿಗೂ ವಯಸ್ಸಾಯ್ತು ನೋಡಿ."

"ಮೂವತ್ತು ರೀ ಅವಳಿಗೆ! ಬರೀ ಮೂವತ್ತು!" ಬರ್ನೀಸ್ ತಿರುಗಿ ಗದರಿದಳು.

ಕೊನೆಗೆ ಒಂದೇ ಒಂದು ಹಾಡು ಉಳಿಯಿತು. ಹುಡುಗಿ ಕಿಟಕಿಯ ಪಕ್ಕ ಸಾದಾ ಹತ್ತಿಯ ಫ್ರಾಕಿನಲ್ಲಿ ಕೂತು, ಮೊಣಕಾಲ ಮೇಲೆ ಅರ್ಧ ಹೊಲಿದ ಟೋಪಿ ಇಟ್ಟುಕೊಂಡು, ಯಾರನ್ನೂ ನೋಡದೆ ಹಾಡುವ ಹಾಡು. ಎರಡೂವರೆ ನಿಮಿಷ. ಇಡೀ ಚಿತ್ರಮಂದಿರ ಗಪ್‌ಚಿಪ್ಪಾಯಿತು. ಬರ್ನೀಸ್ ಕಣ್ಣೊರೆಸಿಕೊಂಡಳು. ಇವಳು ಇಂಥವಳು, ಇವಳನ್ನು ಹಿಡಿದು ಮೆಟ್ಟಿಲಿಂದ ಉರುಳಿಸುತ್ತಿದ್ದಾರಲ್ಲ ಎಂದು ವೆಲ್ಡಾಳಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬರುವುದೇ ಅಪರೂಪ, ಬಂದದ್ದು ಇಳಿಯುವುದು ಇನ್ನೂ ಅಪರೂಪ.

ಹೊರಗೆ ಬರುವಾಗ ಎಲ್ಲರ ಕೈಗೂ ಒಂದೊಂದು ಕಾರ್ಡು, ಬೆರಳುದ್ದದ ಪೆನ್ಸಿಲು. ಚಿತ್ರ ಹಿಡಿಸಿತೇ? ಯಾವುದು ಹೆಚ್ಚು ಹಿಡಿಸಿತು? ಯಾವುದು ಹಿಡಿಸಲಿಲ್ಲ? ಹೆಸರು ಬರೆಯಬೇಕಿಲ್ಲ. ಈ ಕಾರ್ಡುಗಳ ಮೇಲೆ ಆ ಊರಿನಲ್ಲಿ ಚಿತ್ರಗಳು ಸಾಯುತ್ತವೆ, ಬದುಕುತ್ತವೆ. ಸ್ಟುಡಿಯೋದಲ್ಲಿ ಸಂಬಳ ತಿನ್ನುವವರು ಅದನ್ನು ಮುಟ್ಟುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ.

ಬರ್ನೀಸ್ ಗೋಡೆಗೆ ಒತ್ತಿ ಹಿಡಿದು 'ಎಲ್ಲವೂ ಚೆನ್ನ' ಎಂದು ದಪ್ಪಕ್ಷರದಲ್ಲಿ ಗೀಚಿದಳು.

"ಒಳಗೆ ಎರಡು ಸಲ ಆಕಳಿಸಿದ್ಯಲ್ಲೇ?"

"ಆಕಳಿಸ್ದೆ. ಹಾಗಂತ ನನ್ನ ಕೊರಿನ್ ಮೇಲೆ ಚಾಡಿ ಬರೀಲಾ? ಬಾ ಬಾ, ಟ್ರಾಮು ತಪ್ಪುತ್ತೆ."

ವೆಲ್ಡಾಳ ಕೈಯಲ್ಲೂ ಕಾರ್ಡಿತ್ತು. ಹದಿನಾರು ವರ್ಷದಲ್ಲಿ 'ಊಂ', 'ಊಹೂಂ'ಗಿಂತ ಉದ್ದದ ಉತ್ತರ ಯಾರಾದರೂ ಅವಳಿಂದ ಕೇಳಿದ್ದು ಇದು ಎರಡನೇ ಸಲ, ಮೊದಲನೆಯದು ಅಂದೇ ಬೆಳಿಗ್ಗೆ. ಕೊರಿನ್ ಮುಖ ನೋಡಿಕೊಂಡು ಹೇಳುವುದು ಕಷ್ಟ. ಈ ಕಾರ್ಡಿಗೆ ಮುಖವಿಲ್ಲ. ಅವಳು ಪೆನ್ಸಿಲಿನ ತುದಿಯನ್ನು ನಾಲಗೆಗೆ ಒತ್ತಿ ಬರೆದಳು:

'ಕಿಟಕಿಯ ಹಾಡೊಂದೇ ಚಿತ್ರ. ಉಳಿದದ್ದೆಲ್ಲ ಬರೀ ಬಣ್ಣ. ಮೆಟ್ಟಿಲಿನ ಕುಣಿತ ತೆಗೆದುಹಾಕಿ. ಅವಳ ಎಡಸೊಂಟ ನೋಯುತ್ತಿರುವುದು ನಿಮಗೆ ಕಾಣುವುದಿಲ್ಲವೇ? ಅವಳನ್ನು ಕುಣಿಸಬೇಡಿ. ಕೂರಿಸಿ ಹಾಡಿಸಿ.'

ಪೆಟ್ಟಿಗೆಗೆ ಹಾಕಿದಾಗ ಮೈ ಹಗುರವಾಯಿತು. ಕೊರಿನ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ ಎಂದೇ ಅವಳಿಗೆ ಅನಿಸಿತ್ತು.

ಮರುದಿನ ಬೆಳಿಗ್ಗೆ ಹೊಸ ಉಡುಪೊಂದರ ಅಳತೆ. ಕೊರಿನ್ ಒರಗುವ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪು, ನಿದ್ದೆ ಮಾಡಿಲ್ಲವೆಂದು ಕೇಳಬೇಕಾಗಿರಲಿಲ್ಲ.

"ಹೇಳು."

"ಊಂ" ಅಂದಳು ವೆಲ್ಡಾ, ಅಂಚು ಮಡಿಸುತ್ತಾ.

"ಊಂ ಗೀಂ ಬೇಡ. ಸೂಜಿ ತೆಗ್ದು ಹೇಳು."

ವೆಲ್ಡಾ ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡಳು. ಆ ಮುಖವನ್ನು ನೋಡಿದಳು. ಮಾರ್ಕ್ಸು ಕೇಳಲು ಬಂದ ಹುಡುಗಿಯ ಮುಖ. ಹೇಳಬೇಕಾದವರಿಗೆ ಕಾರ್ಡು ಹೇಳುತ್ತದೆ, ಇವಳ ಮನಸ್ಸು ಯಾಕೆ ನೋಯಿಸಲಿ ಎಂದುಕೊಂಡಳು.

"ತುಂಬಾ ಚೆನ್ನಾಗಿದೆ, ಮಿಸ್ ಆಶ್‌ಬಿ. ನೀವಂತೂ ಅದ್ಭುತ."

"ಮೆಟ್ಟಿಲು?"

"ಮೆಟ್ಟಿಲಿಗೆ ಜನ ಬೆರಗಾದ್ರು."

ಕೊರಿನ್ ದೀರ್ಘವಾಗಿ ಉಸಿರು ಬಿಟ್ಟು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. "ಸದ್ಯ! ಗೊತ್ತೇನೇ, ಚೆನ್ನಾಗಿಲ್ಲ ಅಂತ ನೀನು ಹೇಳಿದ್ರೆ ಇವತ್ತೇ ಮೇಲೆ ಹೋಗಿ ನಾನೇ ಬಾಯಿ ಬಿಡ್ಬೇಕು ಅಂತಿದ್ದೆ. 'ಸ್ವಾಮೀ, ಈ ಮೆಟ್ಟಿಲು ಸಾಕು, ಕೂತು ಹಾಡೋ ಒಂದು ಕಥೆ ಕೊಡಿ' ಅಂತ. ಅವರು ಹೇಳೋ ಮೊದ್ಲು ನಾನು ಹೇಳಿದ್ರೆ ಮರ್ಯಾದೆ ಉಳಿಯುತ್ತೆ, ಸೊಂಟದ ಮಾತೂ ಬರಲ್ಲ. ಇನ್ನು ಬೇಡ ಬಿಡು. ಇನ್ನೊಂದು ವರ್ಷ ತಳ್ತೀನಿ."

ನಿಜ ಹೇಳಬೇಕಾದ ಹೊತ್ತು ಅದೇ. ಒಂದು ಮಾತು ಸಾಕಿತ್ತು. 'ಇಲ್ಲ, ಹೋಗಿ ಹೇಳಿ, ಈಗಲೇ ಹೋಗಿ' ಎಂದರೆ ಮುಗಿಯುತ್ತಿತ್ತು. ವೆಲ್ಡಾಳಿಗೆ ಅದು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೇಳಿದ ಸುಳ್ಳನ್ನು ಮರುಕ್ಷಣವೇ ನುಂಗುವುದು ಹೇಗೆ? ಅಂಗೈಯ ಸೂಜಿಗಳನ್ನು ಮತ್ತೆ ತುಟಿಗಿಟ್ಟು ಅಂಚು ಮಡಿಸಲು ಬಗ್ಗಿದಳು. ಎಷ್ಟೋ ವರ್ಷ ಆದ ಮೇಲೂ ಅವಳಿಗೆ ನಿದ್ದೆಗೆಡಿಸಿದ್ದು ಕಾರ್ಡಲ್ಲ, ಆ ಬಗ್ಗಿದ್ದು.

ಹತ್ತು ದಿನ ಕಳೆದು ಮಿಸ್ಟರ್ ಲಡ್ಲೋ ಉಡುಪಿನ ಕೋಣೆಗೆ ಬಂದು ಮೇಜಿನ ಅಂಚಿಗೆ ಕೂತ. ಸುದ್ದಿ ಇದ್ದರೆ ಅವನು ಹಾಗೆ ಕೂರುತ್ತಿದ್ದ.

"ಕೇಳಿದ್ರಾ? ಆಶ್‌ಬಿ ಕಥೆ ಮುಗೀತು. ಗ್ಲೆಂಡೇಲಿನ ಯಾವಳೋ ಮನೆವಾರ್ತೆ ಹೆಂಗಸು ಕಾರ್ಡಿನಲ್ಲಿ ಬರೆದಿದ್ದಾಳಂತೆ, ಆಯಮ್ಮನ ಎಡಸೊಂಟ ಹೋಗಿದೆ ಅಂತ. ಮೊದ್ಲು ನಕ್ರಂತೆ. ಆಮೇಲೆ ರೀಲು ಹಿಂದೆ ಮುಂದೆ ಓಡಿಸಿ ನೋಡ್ತಾರೆ, ಹೌದು! ಡಾಕ್ಟರನ್ನ ಕರೆಸಿ ಎಕ್ಸ್‌ರೇ ತೆಗೆಸಿದ್ರು. ವಿಮೆಯವರು ಕೈ ಎತ್ತಿದ್ರು. ಕರಾರು ಮುಂದುವರಿಸಲ್ವಂತೆ."

"ಕಿಟಕಿಯ ಹಾಡು?" ವೆಲ್ಡಾ ಕೇಳಿದಳು. ಅವಳು ತಾನಾಗಿ ಬಾಯಿ ಬಿಟ್ಟದ್ದಕ್ಕೆ ಲಡ್ಲೋ ಹುಬ್ಬೇರಿಸಿದ.

"ಅದನ್ನ ಕತ್ತರಿಸಿದ್ರು. ಚಿತ್ರ ಉದ್ದ ಆಯ್ತು ಅಂತ. ಮೆಟ್ಟಿಲು ಇರ್ಬೇಕಲ್ಲ, ಅಷ್ಟು ಸುರಿದು ಕಟ್ಟಿಸಿದ್ದು! ಏನು ಕಣ್ಣು ಮಾರಾಯರೇ ಆ ಹೆಂಗಸಿಂದು, ನಮ್ಮಲ್ಲಿ ಯಾರಿಗೂ ಕಾಣದ್ದು ಅವಳಿಗೆ ಹೇಗೆ ಕಂಡಿತು?"

ವೆಲ್ಡಾಳ ಕೈಯಿಂದ ಬೆರಳುಕವಚ ಜಾರಿ ನೆಲದ ಮೇಲೆ ಉರುಳಿತು. ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ.

ಕೊರಿನ್‌ಗೆ ಉಳಿದದ್ದು ಒಂದೇ ಕೆಲಸ, ಚಿತ್ರದ ಪೋಸ್ಟರಿಗೆ ಕೊಡೆ ಹಿಡಿದು ಮೆಟ್ಟಿಲಿನ ಗೌನಿನಲ್ಲಿ ನಿಂತು ಪಟ ತೆಗೆಸಿಕೊಳ್ಳುವುದು. ಬೆಳಿಗ್ಗೆ ಎಂದಿನಂತೆ ವೆಲ್ಡಾಳೇ ತೊಡಿಸಿದಳು. ಪಟ ಮುಗಿಸಿ ಕೋಣೆಗೆ ಮರಳಿದ ಕೊರಿನ್ ಕನ್ನಡಿಯ ಮುಂದೆ ನಿಂತು, ಮೇಜಿನ ಖಾನೆಯಿಂದ ಒಂದು ಕಾರ್ಡು ತೆಗೆದು ಇಟ್ಟಳು.

"ಮೇಲೆ ಕರೆಸಿದಾಗ ಇದನ್ನ ನನ್ನ ಮುಂದೆ ಹಾಕಿದ್ರು. ನಾನು ಕೇಳಿ ಇಸ್ಕೊಂಡು ಬಂದೆ."

ವೆಲ್ಡಾ ತನ್ನ ಅಕ್ಷರವನ್ನು ನೋಡಿದಳು.

"ಎಡಗಡೆಯದು ಅಂತ ಗ್ಲೆಂಡೇಲಲ್ಲಿ ಯಾರಿಗೆ ಗೊತ್ತು?" ಕೊರಿನ್ ಕೇಳಿದಳು. ದನಿ ಏರಲಿಲ್ಲ. "ಈ ಭೂಮಿ ಮೇಲೆ ಇಬ್ಬರಿಗೆ ಗೊತ್ತು."

"ನಿಮ್ಮನ್ನ ಕೂರಿಸ್ತಾರೆ ಅಂದ್ಕೊಂಡೆ. ಮೆಟ್ಟಿಲು ತಪ್ಪುತ್ತೆ ಅಂದ್ಕೊಂಡೆ, ಮಿಸ್ ಆಶ್‌ಬಿ. ದೇವರಾಣೆ."

"ಅದು ನಂಗೆ ಗೊತ್ತಾಯ್ತು. ಇದರಲ್ಲಿ ಬರೆದದ್ದು ಒಂದೂ ಸುಳ್ಳಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ನಿಜ, ಇಷ್ಟು ಪ್ರೀತಿಯಿಂದ ಯಾರೂ ಬರೆದಿಲ್ಲ." ಕೊರಿನ್ ಕಾರ್ಡನ್ನು ಬೆರಳಿಂದ ತಳ್ಳಿದಳು. "ಆದ್ರೆ ಇದೇ ಕೋಣೆಯಲ್ಲಿ, ಸೂಜಿ ತೆಗೆಸಿ, ನಾನು ಕೇಳಿದೆ. ಅವರಿಗೆ ನಿಜ ಹೇಳಿದ್ರಿ. ನನಗೆ ಹೇಳಲಿಲ್ಲ."

ಹೇಳಿದ್ರಿ. ಹನ್ನೊಂದು ವರ್ಷ 'ನೀನು', 'ಏನೇ', 'ಕಣೆ' ಎಂದ ಬಾಯಿ ಅದು. ವೆಲ್ಡಾಳಿಗೆ ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಏನು ಮಾಡಲೂ ತೋಚದೆ, ರೂಢಿಯಂತೆ ಗೌನಿನ ಕೊಕ್ಕೆಗೆ ಕೈ ಚಾಚಿದಳು.

"ಬೇಡಿ, ಮಿಸ್ ಪ್ರೂಟ್. ನಾನೇ ಬಿಚ್ಚಿಕೊಳ್ತೀನಿ."

ಕೊರಿನ್ ಪರದೆಯ ಹಿಂದೆ ಹೋದಳು. ಇಪ್ಪತ್ತೆರಡು ಕೊಕ್ಕೆ, ಎಲ್ಲವೂ ಬೆನ್ನಿಗೆ. ತನ್ನ ಕೈಯಿಂದ ಒಂದನ್ನೂ ಬಿಚ್ಚಿ ಗೊತ್ತಿಲ್ಲದವಳು ಒದ್ದಾಡುವುದು ಪರದೆಯ ಮೇಲಿನಿಂದ ಕಾಣುತ್ತಿತ್ತು, ಮೊಣಕೈ ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ವೆಲ್ಡಾ ಕೈಗಳನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಿದ್ದಳು. ಮೇಲಿನ ಆರು ಬಿಚ್ಚಿದವು, ಕೆಳಗಿನ ಏಳೆಂಟು. ನಡುವಿನವು ಯಾರ ಕೈಗೂ ಎಟುಕುವುದಿಲ್ಲ. ಆಮೇಲೆ ಬಟ್ಟೆ ಹರಿದ ಸದ್ದು ಕೇಳಿಸಿತು, ಉದ್ದಕ್ಕೆ, ಹೊಲಿಗೆಯ ಗುಂಟ. ಅದು ಯಾವ ಹೊಲಿಗೆ ಎಂದು ವೆಲ್ಡಾಳಿಗೆ ಸದ್ದಿನಲ್ಲೇ ತಿಳಿಯಿತು.

ಕೊರಿನ್ ತನ್ನ ಸ್ವಂತದ ನೀಲಿ ಫ್ರಾಕು ತೊಟ್ಟು, ಕೈಚೀಲ ಹಿಡಿದು ಹೊರಗೆ ಬಂದಳು. ಬಾಗಿಲು ದಾಟಿ, ಸೆಟ್ಟುಗಳ ನಡುವಿನ ಉದ್ದನೆಯ ಹಾದಿಯಲ್ಲಿ ಗೇಟಿನ ಕಡೆ ನಡೆದಳು. ಹಾಡುಹಗಲು ಹನ್ನೊಂದು ಗಂಟೆ, ಬಡಗಿಗಳು, ದೀಪದವರು, ಕುಣಿಯುವ ಹುಡುಗಿಯರು, ಎಲ್ಲರೂ ನೋಡುತ್ತಿದ್ದರು. ಒಳಪಟ್ಟಿ ಇಲ್ಲದೆ ಕೊರಿನ್ ಇಷ್ಟು ದೂರ ನಡೆಯುವುದನ್ನು ವೆಲ್ಡಾ ಕೂಡ ನೋಡಿರಲಿಲ್ಲ. ಪ್ರತಿ ಹೆಜ್ಜೆಗೂ ಎಡಭಾಗ ಕುಸಿಯುತ್ತಿತ್ತು. ಬಚ್ಚಿಡುವ ಗೋಜು ಇಲ್ಲದ ಕಾರಣ ಅವಳು ಕುಂಟಿಕೊಂಡೇ, ನಿಧಾನವಾಗಿ ಹೋದಳು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ವೆಲ್ಡಾ ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಉಡುಪಿನ ಕೋಣೆಗೆ ತಂದಳು. ಮಿಸ್ಟರ್ ಲಡ್ಲೋ ಅದನ್ನು ಮೇಜಿನ ಮೇಲೆ ಹರವಿದ. ಬೆನ್ನು ಬಾಯಿ ಬಿಟ್ಟಿತ್ತು. ಅಸ್ತರು ಕಿತ್ತು, ಅದರ ಹಿಂದಿನಿಂದ ಬೆವರಿನ ಕಲೆ ಹತ್ತಿದ ಕ್ಯಾನ್ವಾಸಿನ ಪಟ್ಟಿ ಇಣುಕುತ್ತಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಹೊರಗೆಳೆದು, ತಿರುಗಿಸಿ ನೋಡಿ, ಅಲ್ಲಿನ ಸಣ್ಣ ಸಣ್ಣ ಹೊಲಿಗೆಗಳನ್ನು ಗುರುತು ಹಿಡಿದ. ಮುಖವನ್ನು ನಿಧಾನಕ್ಕೆ ಮೇಲೆತ್ತಿದ.

"ಇದನ್ನ ಹೀಗೆ ಮಾಡಿದವರು ಯಾರು, ವೆಲ್ಡಾ?"

ಅವಳ ಬಾಯಲ್ಲಿ ಸೂಜಿಗಳಿರಲಿಲ್ಲ.

"ನಾನೇ" ಅಂದಳು.